ಬೆಳ್ಳಗಾದ ಬಂಗಾರ

ಆ ಬೀದಿಯವರೆಲ್ಲ ಅವಳನ್ನು ಒಂಟಿಗಣ್ಣಿ ಎಂದು ಕರೆಯುತ್ತಿದ್ದರು. ಕಣ್ಣು ಎರಡೂ ಇದ್ದವು, ಎರಡೂ ಚುರುಕಾಗಿಯೇ ಇದ್ದವು. ಆದರೆ ಬೆಳಿಗ್ಗೆ ಅಂಗಡಿ ತೆರೆದಾಗ ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಅವಳು ಸಂಜೆವರೆಗೂ ತೆಗೆಯುತ್ತಿರಲಿಲ್ಲ. ಎಷ್ಟೋ ಸಲ ಅದನ್ನು ಹಾಕಿಕೊಂಡೇ ತರಕಾರಿ ತರಲು ಹೋಗಿ, ಟೊಮೆಟೊ ಒಂದನ್ನು ಕಣ್ಣಿನ ಹತ್ತಿರ ಹಿಡಿದು, ಒಳಗಿರುವ ಹುಳುವಿನ ಮೀಸೆ ಎಷ್ಟುದ್ದ ಎಂದು ಮಾರುವವನಿಗೆ ಹೇಳಿ ಬಂದದ್ದುಂಟು. ಅವಳು ಬರುವುದನ್ನು ಕಂಡರೆ ತರಕಾರಿಯವನು ಒಳ್ಳೆಯ ಬುಟ್ಟಿಯನ್ನು ತಾನಾಗಿಯೇ ಮುಂದಕ್ಕೆ ತಳ್ಳುತ್ತಿದ್ದ.

ಅವಳ ಕಸುಬು ಒಡವೆ ರಿಪೇರಿ. ಕೈಚಾಚಿದರೆ ಎರಡು ಗೋಡೆಯೂ ಸಿಗುವಷ್ಟು ಅಗಲದ ಅಂಗಡಿ. ಒಂದು ಪಕ್ಕ ಗಡಿಯಾರ ರಿಪೇರಿಯವನು, ಇನ್ನೊಂದು ಪಕ್ಕ ಗೋಡೆ. ಮುರಿದ ಕೊಂಡಿ, ಸಡಿಲಾದ ಹರಳು, ದಪ್ಪಗಾದ ಬೆರಳಿನಿಂದ ಕತ್ತರಿಸಿ ತೆಗೆಯಬೇಕಾದ ಉಂಗುರ, ಇವೇ ಅವಳ ಲೋಕ. ಗಂಡ ಗೂಡ್ಸ್ ರೈಲಿನ ಚಾಲಕ. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲಿರುತ್ತಿದ್ದ. ಜಗಳವಾಡಲು ಸಮಯ ಸಾಲದೆ ಅವರ ಸಂಸಾರ ಸುಖವಾಗಿತ್ತು.

ಕಸುಬು ಅಪ್ಪನಿಂದ ಬಂದದ್ದು. ಅಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಬೆಳ್ಳಗೆ, ಚಿಕ್ಕವಳು ಕಪ್ಪಗೆ. ನೆಂಟರು ಬಂದಾಗಲೆಲ್ಲ ದೊಡ್ಡವಳ ಗಲ್ಲ ಹಿಡಿದು ಹಾಡಿ ಹೊಗಳಿ, ಮುಗಿದ ಮೇಲೆ ಚಿಕ್ಕವಳ ಕಡೆ ತಿರುಗಿ, ಇವಳೂ ಪರವಾಗಿಲ್ಲ, ಲಕ್ಷಣವಾಗಿದ್ದಾಳೆ ಎನ್ನುತ್ತಿದ್ದರು. ಆ 'ಪರವಾಗಿಲ್ಲ'ವನ್ನು ಕೇಳಿ ಕೇಳಿ ಒಂದಷ್ಟು ದಿನ ಅವಳು ಅದನ್ನೇ ತನ್ನ ಹೆಸರೆಂದು ತಿಳಿದಿದ್ದಳಂತೆ. ಯಾರಾದರೂ ಒಬ್ಬರು ಅಪ್ಪನ ಪಕ್ಕ ಕೂತು ಕಸುಬು ಕಲಿಯಬೇಕಾಗಿ ಬಂದಾಗ, ಬೆಳ್ಳಗಿನವಳನ್ನು ಹೊಗೆಗೆ ಕೂರಿಸಲು ಅಮ್ಮ ಸುತರಾಂ ಒಪ್ಪಲಿಲ್ಲ. ಚಿಕ್ಕವಳಿಗೆ ಕೆಡಲು ಬಣ್ಣವೇ ಇರಲಿಲ್ಲವಲ್ಲ. ಹೀಗೆ ಅಪ್ಪನ ಇಕ್ಕಳ, ಊದುಗೊಳವೆ, ಒರೆಗಲ್ಲು ಎಲ್ಲ ತಂಗಿಯ ಪಾಲಿಗೆ ಬಂದವು. ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಕನ್ನಡಿ ಅಕ್ಕನ ಪಾಲಿಗೆ ಹೋಯಿತು.

ಅಪ್ಪ ಒಳ್ಳೆಯ ಕೆಲಸಗಾರ. ಬೆಳ್ಳಿ ಪಾತ್ರೆಗೆ ಬಂಗಾರದ ನೀರು ಹಿಡಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆಗಿನದು ಹಳೆಯ ವಿಧಾನ: ಬಂಗಾರದ ಪುಡಿಯನ್ನು ಪಾದರಸದಲ್ಲಿ ಅರೆದರೆ ಬೆಣ್ಣೆಯಂಥ ಬಿಳಿ ಮುದ್ದೆಯಾಗುತ್ತದೆ, ಅದನ್ನು ಪಾತ್ರೆಗೆ ಬಳಿದು ಬೆಂಕಿಗೆ ಹಿಡಿದರೆ ಪಾದರಸ ಹೊಗೆಯಾಗಿ ಹಾರಿ, ಬಂಗಾರ ಉಳಿದುಕೊಳ್ಳುತ್ತದೆ. ಹಾರಿದ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಅದು ಅಪ್ಪನೊಳಗೆ ಹೋಗುತ್ತಿತ್ತು. ಐವತ್ತು ದಾಟುವಷ್ಟರಲ್ಲಿ ಅವನ ಒಸಡು ಊದಿ ಹಲ್ಲು ಅಲುಗಾಡತೊಡಗಿದವು, ಸಣ್ಣ ಮಾತಿಗೂ ಕೂಗಾಡತೊಡಗಿದ, ಕೈ ನಡುಗತೊಡಗಿತು. ಕೊನೆಗೆ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು ಕುಡಿಯಬೇಕಾಯಿತು. ಅವನು ಹೋದ ಮಾರನೆಯ ವಾರವೇ ಮಗಳು ಆ ಪಾದರಸದ ಸೀಸೆಯನ್ನು ಆರೋಗ್ಯ ಇಲಾಖೆಯ ಪ್ರಯೋಗಾಲಯಕ್ಕೆ ಒಯ್ದು ಕೊಟ್ಟು ಕೈತೊಳೆದುಕೊಂಡಳು. ಆಮೇಲೆ ಅವಳ ಅಂಗಡಿಯಲ್ಲಿ ಪಾದರಸದ ಹನಿಯೂ ಇರಲಿಲ್ಲ.

ಅಕ್ಕ ಬಟ್ಟೆ ಅಂಗಡಿಗೆ ಸೇರಿದಳು. ಮೂರು ಮಹಡಿಯ ದೊಡ್ಡ ಅಂಗಡಿ. ಗಾಜಿನ ಬಾಗಿಲು ದಾಟಿ ಹೋದರೆ ಮೊದಲು ಕಾಣುವುದೇ ಅಕ್ಕನ ಕೌಂಟರು, ಅದರ ಹಿಂದೆ ಅಕ್ಕನ ಮುಖ. ಬಟ್ಟೆಯ ಥಾನನ್ನು ಒಂದೇ ಎಳೆತಕ್ಕೆ ಬಿಚ್ಚಿ ಗಿರಾಕಿಯ ಹೆಗಲ ಮೇಲೆ ಹಾಕಿ, ಈ ಬಣ್ಣ ನಿಮಗೋಸ್ಕರವೇ ಹುಟ್ಟಿದೆ ಎಂದರೆ ಸಾಕು, ಕರ್ಚೀಫು ಕೊಳ್ಳಲು ಬಂದವರು ಪರದೆ, ಹಾಸಿಗೆ ಹೊದಿಕೆ ಎಲ್ಲ ಹೊತ್ತುಕೊಂಡು ಹೋಗುತ್ತಿದ್ದರು. ವರ್ಷಗಳು ಕಳೆದಂತೆ ಅವಳು ಹೆಂಗಸರ ಮಹಡಿಯ ಮುಖ್ಯಸ್ಥೆಯಾದಳು. ಎಲ್ಲರೂ ದೊಡ್ಡಮೇಡಂ ಎನ್ನತೊಡಗಿದರು. ಯಜಮಾನನೂ ಅವಳ ಎದುರಿಗೆ ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದ.

ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ದುಡಿದವರಿಗೆ ಬಂಗಾರದ ಉಂಗುರ ಕೊಡಬೇಕೆಂದು ಯಜಮಾನನ ಮನಸ್ಸಿಗೆ ಬಂದದ್ದು ಅಕ್ಕ ಐವತ್ತೆಂಟಕ್ಕೆ ಕಾಲಿಟ್ಟ ವರ್ಷ. ಅಂಥವರು ಐದು ಜನ, ಐವರೂ ಹೆಂಗಸರು: ಅಕ್ಕ, ಗುಂಡಿ-ದಾರದ ಕೌಂಟರಿನವಳು, ಪರದೆ ವಿಭಾಗದವಳು, ಬಿಲ್ಲು ಹಾಕುವವಳು, ಬಟ್ಟೆ ಅಳತೆ ಸರಿಮಾಡಿಕೊಡುವವಳು. ಉಂಗುರ ಮಾಡುವ ಕೆಲಸವನ್ನು ಅಕ್ಕ ತಂಗಿಗೇ ಕೊಡಿಸಿದಳು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಗಡಿಯಾರದವನು ನೆನಪಿಸಿ, ಗಾದೆ ನಿಜಮಾಡಲು ಇದಕ್ಕಿಂತ ಒಳ್ಳೆ ಅವಕಾಶ ಸಿಗಲಾರದು ಎಂದು ತಮಾಷೆ ಮಾಡಿದ. ಒಂಟಿಗಣ್ಣಿ ನಕ್ಕು, ಐದು ಉಂಗುರವನ್ನೂ ಒಂದೇ ತೂಕಕ್ಕೆ, ಒಂದೇ ಹೊಳಪಿಗೆ ತಂದು ಕೊಟ್ಟಳು.

ಎಂಟು ತಿಂಗಳ ಮೇಲೆ ಗುಂಡಿ-ದಾರದವಳು ಬಂದು ಉಂಗುರವನ್ನು ಮೇಜಿನ ಮೇಲಿಟ್ಟಳು. ಉಂಗುರದ ಅರ್ಧಭಾಗ ಬೆಳ್ಳಿಯಂತೆ ಬೆಳ್ಳಗಾಗಿತ್ತು. ಅದೇ ವಾರ ಪರದೆಯವಳು ಬಂದಳು. ಆಮೇಲೆ ಬಿಲ್ಲಿನವಳು, ಅಳತೆಯವಳು. ನಾಲ್ಕನೆಯ ಉಂಗುರ ಬಂದ ದಿನ ಯಜಮಾನನೂ ಹಿಂದೆಯೇ ಬಂದ. ತಾನು ಕೊಟ್ಟದ್ದು ಶುದ್ಧ ಬಂಗಾರ, ಕೈಗೆ ಬಂದದ್ದು ಏನೆಂದು ಅವಳೇ ಹೇಳಬೇಕು ಎಂದು ತಣ್ಣಗೆ ಹೇಳಿ ಹೋದ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಒಂಟಿಗಣ್ಣಿ.

ಬೀದಿಗೆ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು. ಸರದ ಕೊಂಡಿ ಹಾಕಿಸಲು ಬಂದವರು ಕೆಲಸ ಮುಗಿಯುವವರೆಗೆ ಎವೆಯಿಕ್ಕದೆ ಕಾಯತೊಡಗಿದರು. ಒಬ್ಬಳು ಸ್ವಂತ ಭೂತಗನ್ನಡಿಯನ್ನೇ ತಂದಿದ್ದಳು. ಇಬ್ಬರೂ ಕಣ್ಣಿಗೆ ಗಾಜು ಹಾಕಿಕೊಂಡು ಒಂದು ಕೊಂಡಿಯ ಮೇಲೆ ಬಗ್ಗಿ, ತಲೆಗೆ ತಲೆ ಢಿಕ್ಕಿ ಹೊಡೆದುಕೊಂಡರು. ಗಡಿಯಾರದವನು ತನ್ನ ಮೇಜನ್ನು ಒಂದು ಗೇಣು ಆಚೆಗೆ ಸರಿಸಿಕೊಂಡ.

ಕೊನೆಗೆ ಅಕ್ಕನೇ ಬಂದಳು. ಸಂಜೆ ನಾಲ್ಕರ ಬಿಸಿಲಿನಲ್ಲಿ ಬಾಗಿಲಿಗೆ ಬಂದು ನಿಂತಾಗ, ಮುಖ ಬೇಯಿಸಿ ಸುಲಿದ ಮೊಟ್ಟೆಯಂತೆ ಹೊಳೆಯುತ್ತಿತ್ತು. ಬೆರಳಿನಿಂದ ಉಂಗುರ ಕಿತ್ತು ಮೇಜಿನ ಮೇಲೆ ಹಾಕಿದಳು. ಅದು ಎಲ್ಲಕ್ಕಿಂತ ಹೆಚ್ಚು ಬೆಳ್ಳಗಿತ್ತು.

"ಗಾದೆ ಕೇಳಿದಾಗೆಲ್ಲ ನಾನು ನಿನ್ನ ಪರ ಮಾತಾಡಿದ್ದೀನಿ" ಎಂದಳು ಅಕ್ಕ. "ಇನ್ನು ಏನಂತ ಮಾತಾಡಲಿ, ನೀನೇ ಹೇಳು."

ಊರೆಲ್ಲ ಅಂದದ್ದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದ ಒಂಟಿಗಣ್ಣಿಗೆ ಈ ಮಾತು ಮಾತ್ರ ಒಳಗೇ ಉಳಿಯಿತು. ಅಕ್ಕ ಹೋದ ಮೇಲೆ ಅವಳು ಉಂಗುರವನ್ನು ಒರೆಗಲ್ಲಿಗೆ ಉಜ್ಜಿದಳು. ಮೇಲಿನ ಬಿಳಿ ಹೋಗಿ ಕಲ್ಲಿನ ಮೇಲೆ ಹಳದಿ ಗೆರೆ ಮೂಡಿತು. ಒಳಗೆ ಬಂಗಾರ ಬಂಗಾರವಾಗಿಯೇ ಇತ್ತು. ಉಂಗುರದಲ್ಲಿ ಉಳಿದಿದ್ದ ಬಿಳಿಯನ್ನು ಮತ್ತೆ ಗಾಜಿನಡಿ ಹಿಡಿದು ನೋಡಿದಳು. ಈ ಬಿಳಿಯನ್ನು ಅವಳು ಬಲ್ಲಳು. ಅಪ್ಪನ ಅರೆಯುವ ಕಲ್ಲಿನ ಮೇಲೆ ದಿನಾ ನೋಡಿದ್ದಳು.

ಖಾತ್ರಿಯಾಗಬೇಕಿತ್ತು. ಗುಂಡಿ-ದಾರದವಳ ಉಂಗುರವನ್ನು ಹಿತ್ತಲಿಗೆ ಒಯ್ದು, ಗಾಳಿ ಬೆನ್ನಿಗೆ ಬರುವಂತೆ ನಿಂತು, ಮೂಗಿಗೆ ಬಟ್ಟೆ ಕಟ್ಟಿ, ಉದ್ದನೆಯ ಚಿಮಟದಲ್ಲಿ ತೋಳುದ್ದ ದೂರ ಹಿಡಿದು ಉರಿ ತಾಗಿಸಿದಳು. ಬಿಳಿ ಹಾರಿಹೋಗಿ ಮಂಕಾದ ಹಳದಿ ಬಂತು. ಪಾದರಸವೇ ಸರಿ. ಆದರೆ ಗುಂಡಿ, ದಾರ, ಪರದೆ, ಟೇಪು ಹಿಡಿದು ಬದುಕುವ ಹೆಂಗಸರ ಬೆರಳಿಗೆ ಪಾದರಸ ಎಲ್ಲಿಂದ ಬಂತು?

ಮೊದಲು ಅಕ್ಕನನ್ನೇ ಕೇಳಿದಳು. ಕೈಗೆ, ಮುಖಕ್ಕೆ ಏನಾದರೂ ಹಚ್ಚುತ್ತೀಯಾ ಎಂದದ್ದಕ್ಕೆ ಅಕ್ಕನಿಗೆ ರೇಗಿತು. ನೀರು, ಸೋಪು ಬಿಟ್ಟು ತನ್ನ ಮುಖ ಬೇರೇನನ್ನೂ ಕಂಡಿಲ್ಲ, ಹುಟ್ಟಿನಿಂದ ಬಂದ ಬಣ್ಣಕ್ಕೆ ಹಚ್ಚುವುದೇನು ಎಂದಳು. ಉಳಿದ ನಾಲ್ವರನ್ನು ಕೇಳಿದರೆ ಅವರದೂ ಅದೇ ನೀರು, ಅದೇ ಸೋಪು. ಐದು ಜನರ ಉತ್ತರ ಪಾಠ ಒಪ್ಪಿಸಿದಂತೆ ಒಂದೇ ಥರ ಇದ್ದುದರಿಂದಲೇ ಒಂಟಿಗಣ್ಣಿಗೆ ಅನುಮಾನ ಬಂತು.

ನೇರವಾಗಿ ಕೇಳಿದರೆ ಹೊರಬೀಳದ ಮಾತನ್ನು ಅಡ್ಡದಾರಿಯಲ್ಲಿ ತರುವುದು ಅವಳಿಗೆ ಗೊತ್ತಿತ್ತು. ಒಂದು ದಿನ ಗುಂಡಿ-ದಾರದವಳನ್ನು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿದಳು. ಕಸುಬಿನ ಹಿರಿಯರು ಒಂದು ಮಾತು ಹೇಳುತ್ತಿದ್ದರು, ಹೇಳಬಾರದು, ಆದರೂ ಹೇಳುತ್ತೇನೆ ಎಂದಳು. "ಮನಸ್ಸಲ್ಲಿ ಏನಾದ್ರೂ ಬಚ್ಚಿಟ್ಟುಕೊಂಡಿರೋರ ಬೆರಳಲ್ಲಿ ಬಂಗಾರ ಬೆಳ್ಳಗಾಗುತ್ತಂತೆ. ಬಾಯಿಬಿಟ್ಟು ಹೇಳಿಬಿಟ್ರೆ ಮತ್ತೆ ಹಳದಿ ಆಗುತ್ತಂತೆ. ನಾನು ಯಾರಿಗೂ ಹೇಳಲ್ಲ." ಹಾಗೆ ಯಾವ ಹಿರಿಯನೂ ಹೇಳಿರಲಿಲ್ಲ. ಆ ಕ್ಷಣಕ್ಕೆ ಅವಳ ಬಾಯಿಗೆ ಬಂದದ್ದು ಅದು.

ಗುಂಡಿ-ದಾರದವಳು ಹನ್ನೊಂದು ವರ್ಷದಿಂದ ಮನೆಯವರ ಅಂಗಿಗಳಿಗೆಲ್ಲ ಅಂಗಡಿಯ ಗುಂಡಿಗಳನ್ನೇ ಹಾಕುತ್ತಿದ್ದೇನೆ ಎಂದು ಒಪ್ಪಿಕೊಂಡಳು. ಮಾರನೆಯ ದಿನ ಪರದೆಯವಳು ತಾನಾಗಿಯೇ ಬಂದು, ಕೆಲಸಕ್ಕೆ ಸೇರುವಾಗ ವಯಸ್ಸು ನಾಲ್ಕು ವರ್ಷ ಕಡಿಮೆ ಬರೆಸಿದ್ದನ್ನು ಹೇಳಿದಳು. ಅಳತೆಯವಳು ತಾನು ಇಷ್ಟವಿಲ್ಲದ ಗಿರಾಕಿಗಳ ಸೊಂಟವನ್ನು ಎರಡು ಅಂಗುಲ ಹೆಚ್ಚಿಗೆ ಓದುತ್ತೇನೆ, ಅವರ ಮುಖ ನೋಡಲು ಚೆನ್ನಾಗಿರುತ್ತದೆ ಎಂದಳು. ಒಂಟಿಗಣ್ಣಿ ಕೆಳತುಟಿ ಕಚ್ಚಿ ಹಿಡಿದು ಎಲ್ಲವನ್ನೂ ಕೇಳಿದಳು. ಮೂವರೂ ಮನೆಯ, ಅಂಗಡಿಯ, ಹರೆಯದ ಗುಟ್ಟುಗಳನ್ನೆಲ್ಲ ಮೇಜಿನ ಮೇಲೆ ಸುರಿದು ಹಗುರಾಗಿ ಎದ್ದು ಹೋದರು. ಮುಖಕ್ಕೆ ಏನು ಹಚ್ಚುತ್ತೇವೆ ಎಂಬುದೊಂದನ್ನು ಬಿಟ್ಟು.

ಕೊನೆಗೆ ಬಂದವಳು ಬಿಲ್ಲಿನವಳು. ಅವಳ ತಪ್ಪು ಚಿಕ್ಕದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಯಜಮಾನನಿಗೆ ಗೊತ್ತಾಗದಂತೆ, ಹಿಂಬಾಗಿಲಿನಿಂದ ಚೀಲದಮ್ಮನನ್ನು ವಿಶ್ರಾಂತಿ ಕೋಣೆಗೆ ಬಿಡುವವಳು ಅವಳೇ. ಚೀಲದಮ್ಮ ಎಂದರೆ ದೊಡ್ಡ ಚೀಲ ಹೊತ್ತು ಕಚೇರಿ, ಅಂಗಡಿಗಳ ಹಿಂಬಾಗಿಲು ತಿರುಗುವ ಹೆಂಗಸು. ಕೂದಲ ಕ್ಲಿಪ್ಪು, ಪಿನ್ನು, ಅಂಥದೆಲ್ಲ ಮಾರುತ್ತಾಳೆ ಎಂದಳು ಬಿಲ್ಲಿನವಳು. ಅಂಥದೆಲ್ಲ ಅಂದರೆ ಏನೆಲ್ಲ ಎಂದು ಕೇಳಿದ್ದಕ್ಕೆ ಅವಳಿಗೆ ಇದ್ದಕ್ಕಿದ್ದಂತೆ ತುರ್ತು ಕೆಲಸ ನೆನಪಾಯಿತು.

ಮಾರನೆಯ ಮಧ್ಯಾಹ್ನ ಒಂಟಿಗಣ್ಣಿ ಬಟ್ಟೆ ಅಂಗಡಿಯ ಹಿಂದಿನ ಓಣಿಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕಾದು ನಿಂತಳು. ಅಂದು ಭೂತಗನ್ನಡಿ ಮನೆಯಲ್ಲಿ ಬಿಟ್ಟು, ಮುಖವನ್ನು ಆದಷ್ಟು ದೀನವಾಗಿ ಮಾಡಿಕೊಂಡಿದ್ದಳು. ಚೀಲದಮ್ಮ ಹೊರಬಂದವಳೇ ಇವಳ ಮುಖ ನೋಡಿದಳು. ಗಾರೆ ಕೆಲಸದವನು ಬಿದ್ದುಹೋದ ಗೋಡೆಯನ್ನು ನೋಡುವಂತೆ ಅವಳ ಕಣ್ಣು ಅರಳಿತು.

"ಇಷ್ಟು ದಿನ ಎಲ್ಲಿದ್ರಿ ಅಮ್ಮ?" ಎಂದಳು ಕನಿಕರದಿಂದ.

"ಹೊಗೆಯ ಮುಂದೆ" ಎಂದಳು ಒಂಟಿಗಣ್ಣಿ. ಅದು ಸುಳ್ಳಾಗಿರಲಿಲ್ಲ.

ಚೀಲದ ತಳದಿಂದ ಒಂದು ಪುಟ್ಟ ಡಬ್ಬಿ ಬಂತು, ಗುಲಾಬಿ ಬಣ್ಣದ ಮುಚ್ಚಳದ್ದು. ಮೇಲೆ ಒಬ್ಬಳು ಬೆಳ್ಳನೆಯ ಹುಡುಗಿಯ ಚಿತ್ರ. ಏನೇನು ಹಾಕಿದ್ದಾರೆ, ಯಾರು ಮಾಡಿದ್ದಾರೆ ಎಂಬುದು ಎಲ್ಲೂ ಇಲ್ಲ. ಮೂರು ವಾರದಲ್ಲಿ ಕನ್ನಡಿಯೇ ನಿಮ್ಮನ್ನು ಯಾರು ಅಂತ ಕೇಳುತ್ತೆ ಎಂದು ಚೀಲದಮ್ಮ ಭರವಸೆ ಕೊಟ್ಟಳು. ಹಚ್ಚುವಾಗ ಉಂಗುರ ತೆಗೆದಿಡಬೇಕು, ಆ ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ ಎಂದೂ ಹೇಳಿದಳು. ಯಾಕೆ ಎಂದರೆ, ಸಂದಿಯಲ್ಲಿ ಸಿಕ್ಕಿಕೊಂಡು ಕ್ರೀಮು ದಂಡವಾಗುತ್ತದೆ, ಸರಕು ಕೊಡುವವರು ಹಾಗೇ ಹೇಳಿ ಕಳಿಸುತ್ತಾರೆ ಎಂದಳು. ಅದನ್ನು ಅವಳು ನಿಜವಾಗಿಯೇ ನಂಬಿದ್ದಳು. ಅವಳ ಮುಖವೂ ಮೊಟ್ಟೆಯಂತೆ ಹೊಳೆಯುತ್ತಿತ್ತು, ಕಾಲ ಗಂಟುಗಳು ಚಪ್ಪಲಿಯ ಪಟ್ಟಿ ಮುಚ್ಚುವಷ್ಟು ಊದಿದ್ದವು. ಒಂಟಿಗಣ್ಣಿ ಅವಳೊಡನೆ ಜಗಳವಾಡಬೇಕೆಂದು ಬಂದಿದ್ದಳು. ಆ ಕಾಲು ನೋಡಿದ ಮೇಲೆ ಡಬ್ಬಿ ತೆಗೆದುಕೊಂಡು ಸುಮ್ಮನೆ ಬಂದಳು.

ಅಂಗಡಿಯಲ್ಲಿ ಬಂಗಾರದ ಚೂರೊಂದನ್ನು ಕಾಗದದಷ್ಟು ತೆಳ್ಳಗೆ ಬಡಿದು ಪಟ್ಟಿ ಮಾಡಿದಳು. ಕೈಗೆ ರಬ್ಬರಿನ ಗವಸು ಹಾಕಿಕೊಂಡು, ದಿನಕ್ಕೆರಡು ಹೊತ್ತು ಅದಕ್ಕೆ ಕ್ರೀಮು ತಿಕ್ಕಿದಳು. ಉಳಿದ ಕ್ರೀಮನ್ನು ಪ್ರಯೋಗಾಲಯಕ್ಕೆ ಒಯ್ದಳು. ಅಪ್ಪನ ಪಾದರಸದ ಸೀಸೆಯನ್ನು ತೆಗೆದುಕೊಂಡಿದ್ದ ಹೆಂಗಸು ಈಗ ಅಲ್ಲಿನ ಮುಖ್ಯಸ್ಥೆ. ಹತ್ತು ದಿನಕ್ಕೆ ಕಾಗದ ಬಂತು. ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಇರಬಾರದ ಪಾದರಸ, ಹದಿನಾಲ್ಕು ಸಾವಿರ ಭಾಗ ಇತ್ತು. ಮುಖ್ಯಸ್ಥೆ ಅವಳಿಗೆ ಬಿಡಿಸಿ ಹೇಳಿದಳು: ಇದು ಚರ್ಮದೊಳಗೆ ಇಳಿದು ಬಣ್ಣ ಕಟ್ಟುವುದನ್ನು ತಡೆಯುತ್ತದೆ, ಹಾಗೆಯೇ ಮುಂದಕ್ಕೆ ಹೋಗಿ ಮೂತ್ರಪಿಂಡಕ್ಕೆ ಕೂರುತ್ತದೆ, ನರಕ್ಕೆ ಕೂರುತ್ತದೆ. ಹಚ್ಚಿದವರ ದಿಂಬು, ಟವೆಲ್ಲಿನಿಂದ ಮನೆಯ ಮಕ್ಕಳಿಗೂ ತಾಗುತ್ತದೆ. ಡಬ್ಬಿಗಳನ್ನು ಚರಂಡಿಗೆ, ಕಸಕ್ಕೆ ಹಾಕುವಂತಿಲ್ಲ, ಮುಚ್ಚಿ ತಂದು ಒಪ್ಪಿಸಬೇಕು.

ಮರುದಿನ ಊಟದ ಹೊತ್ತಿಗೆ ಒಂಟಿಗಣ್ಣಿ ಬಟ್ಟೆ ಅಂಗಡಿಯ ವಿಶ್ರಾಂತಿ ಕೋಣೆಗೆ ಹೋದಳು. ಉದ್ದನೆಯ ಬೆಂಚು, ಗೋಡೆಗೆ ಕಬ್ಬಿಣದ ಲಾಕರುಗಳು, ಮೂಲೆಯಲ್ಲಿ ಕೈತೊಳೆಯುವ ಬೇಸಿನ್ನು, ಅದರ ಮೇಲೆ ಕನ್ನಡಿ. ಐವರೂ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವಳು ಯಾರನ್ನೂ ನೀನು ಹಚ್ಚುತ್ತೀಯಾ ಎಂದು ಕೇಳಲಿಲ್ಲ. ಊರಲ್ಲಿ ಇಂಥದೊಂದು ಕ್ರೀಮು ಓಡಾಡುತ್ತಿದೆಯಂತೆ, ಹಚ್ಚುವವರು ಯಾರೋ ಪಾಪದವರು ಇರಬೇಕು ಎಂದು ಶುರುಮಾಡಿ, ಕಾಗದ ಓದಿದಳು. ಮೂತ್ರಪಿಂಡದ ಮಾತು, ನರದ ಮಾತು, ಮಕ್ಕಳ ಮಾತು ಎಲ್ಲ ಹೇಳಿದಳು.

ಅವರು ಹವಾಮಾನದ ವರದಿ ಕೇಳುವಂತೆ ಕೇಳಿದರು. ಈಗ ಯಾವುದರಲ್ಲಿ ವಿಷ ಇಲ್ಲ ಎಂದಳು ಪರದೆಯವಳು. ನೀರಿನಲ್ಲೂ ಇದೆಯಂತಲ್ಲ ಎಂದಳು ಅಳತೆಯವಳು. ಯಾರೋ ಹಚ್ಚುತ್ತಾರೆ ಬಿಡಿ, ನಮಗೇಕೆ ಎಂದು ಗುಂಡಿ-ದಾರದವಳು ಅನ್ನ ಕಲಸಿದಳು. ಅಕ್ಕ ತಲೆಯೆತ್ತಲೇ ಇಲ್ಲ.

ಒಂಟಿಗಣ್ಣಿ ಜೇಬಿನಿಂದ ಬಂಗಾರದ ಪಟ್ಟಿ ತೆಗೆದಳು. ಇಷ್ಟು ದಿನ ಕ್ರೀಮು ಕುಡಿದು ಅದು ಬೂದಿಬಿಳಿಯಾಗಿತ್ತು. ಬಂಗಾರ ಎಷ್ಟು ಬಗ್ಗಿಸಿದರೂ ಮುರಿಯದು ಎಂಬುದು ಮನೆಯಲ್ಲಿ ಒಡವೆ ಇರುವ ಹೆಂಗಸರಿಗೆಲ್ಲ ಗೊತ್ತು. ಅವಳು ಎರಡು ಇಕ್ಕಳದಲ್ಲಿ ಪಟ್ಟಿಯನ್ನು ಹಿಡಿದು ಸ್ವಲ್ಪವೇ ಬಗ್ಗಿಸಿದಳು. ಒಣಗಿದ ಎಲೆಯಂತೆ ಪಟ್ ಎಂದು ಮುರಿಯಿತು.

"ಬಂಗಾರಾನ ತಿಂದುಬಿಡುತ್ತೆ" ಎಂದಳು. "ಇನ್ನು ಆರು ತಿಂಗಳಿಗೆ ಉಂಗುರಗಳೂ ಹೀಗೇ."

ಕೋಣೆಯಲ್ಲಿ ಅಗಿಯುವ ಸದ್ದು ನಿಂತಿತು. ಗುಂಡಿ-ದಾರದವಳು ಕೈತೊಳೆದು ಬಂದು ತನ್ನ ಲಾಕರು ತೆಗೆದಳು. ಗುಂಡಿಗಳ ಪೊಟ್ಟಣದಡಿಯಿಂದ ಎರಡು ಗುಲಾಬಿ ಡಬ್ಬಿ ಬಂದವು. ಪರದೆಯವಳ ಕೈಚೀಲದಿಂದ ಒಂದು. ಅಳತೆಯವಳದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಹಿಂದಿತ್ತು. ಬಿಲ್ಲಿನವಳು ಕೌಂಟರಿಗೆ ಓಡಿಹೋಗಿ ಡ್ರಾಯರಿನಿಂದ ತಂದಳು. ಮೂತ್ರಪಿಂಡಕ್ಕೆ ಅಲುಗದ ಮನಸ್ಸು ಉಂಗುರಕ್ಕೆ ಅಲುಗಿದ್ದನ್ನು ಕಂಡು ಒಂಟಿಗಣ್ಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಂಡಿ-ದಾರದವಳು ತನ್ನದನ್ನು ಬೇಸಿನ್ನಿಗೆ ಸುರಿಯಲು ಹೊರಟಾಗ ಕೈಹಿಡಿದು ತಡೆದು, ಎಲ್ಲವನ್ನೂ ಒಂದು ಗಾಜಿನ ಜಾಡಿಗೆ ತುಂಬಿ ಮುಚ್ಚಳ ಬಿಗಿದಳು. ಅಷ್ಟರಲ್ಲಿ ಅಕ್ಕ ಎದ್ದು, ತನ್ನ ಬುತ್ತಿ ಮುಚ್ಚಿ, ಕೌಂಟರಿಗೆ ಹೋಗಿಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ತಂಗಿಯೇ ಅಕ್ಕನ ಮನೆಗೆ ಹೋದಳು. ಭಾವ ತೀರಿಕೊಂಡು ಹಲವು ವರ್ಷವಾಗಿತ್ತು, ಅಕ್ಕ ಒಬ್ಬಳೇ ಎರಡು ಕೋಣೆಯ ಮನೆಯಲ್ಲಿದ್ದಳು. ಜಗಳಕ್ಕೆ ಸಿದ್ಧವಾಗಿದ್ದವಳಂತೆ ಚಹಾ ತಂದಳು. ಚಹಾದ ಕಪ್ ತಟ್ಟೆಯ ಮೇಲೆ ಟಿಣಿ ಟಿಣಿ ಎನ್ನುತ್ತ ಬಂತು. ಮೇಜಿಗೆ ಇಡುವಷ್ಟರಲ್ಲಿ ಅರ್ಧ ಚಹಾ ತಟ್ಟೆಯಲ್ಲಿತ್ತು. ಒಂಟಿಗಣ್ಣಿ ಆ ಕೈಯನ್ನೇ ನೋಡಿದಳು.

"ಅಕ್ಕ, ಅಪ್ಪನ ಕೈ ನೆನಪಿದೆಯಾ?"

ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾತಾಡಿದಾಗ ದೊಡ್ಡಮೇಡಂ ದನಿ ಇರಲಿಲ್ಲ.

"ನಿನಗೇನೇ, ಹುಟ್ಟಿದಾಗಿನಿಂದ ಕಪ್ಪು. ಕಳ್ಕೊಳ್ಳೋಕೆ ಏನೂ ಇರಲಿಲ್ಲ. ನನಗೆ ಇದ್ದದ್ದು ಅದೊಂದೇ. ಎರಡು ವರ್ಷದ ಹಿಂದೆ ಗಲ್ಲದ ಮೇಲೆ ಮಚ್ಚೆ ಶುರುವಾಯ್ತು. ಬಂದ ಗಿರಾಕಿ ಬಟ್ಟೆ ನೋಡೋ ಮುಂಚೆ ಅದನ್ನ ನೋಡ್ತಾರೆ ಅನ್ನಿಸೋದು."

"ಅದೊಂದೇ ಅಂದ್ರೆ ಹೇಗಕ್ಕ" ಎಂದಳು ತಂಗಿ. "ಬಾಯಿ ಇಲ್ವಾ? ಮೂರು ಮಹಡಿ ಅಂಗಡಿ ನಡೀತಿರೋದೇ ಆ ಬಾಯಿಂದ. ಅದಕ್ಕೆ ಯಾವ ಕ್ರೀಮು ಹಚ್ಚಿದ್ದೆ?"

ಅಕ್ಕನಿಗೆ ನಗು ಬಂತು, ನಗುತ್ತಿದ್ದಂತೆಯೇ ಅಳುವೂ ಬಂತು. ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಕೈಹಾಕಿ, ಮೂರು ಗುಲಾಬಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ತಂಗಿ ಅವುಗಳನ್ನು ಎತ್ತಿಕೊಳ್ಳಲಿಲ್ಲ, ಅಕ್ಕನ ಮುಖವನ್ನೇ ನೋಡುತ್ತ ಕೂತಳು. ಹಾಗೆ ನೋಡಿಸಿಕೊಂಡು ಅಕ್ಕನಿಗೆ ಸಾಕಾಯಿತು.

"ಇನ್ನೊಂದಿದೆ ಅಂತ ನಿನಗೆ ಯಾರು ಹೇಳಿದ್ದು?" ಎಂದು ಗೊಣಗುತ್ತ ಹೋಗಿ, ಗೋಡೆಗಡಿಯಾರದ ಹಿಂದಿನಿಂದ ನಾಲ್ಕನೆಯದನ್ನೂ ತಂದಳು. ಹಿಟ್ಟನ್ನೂ ಡಬ್ಬದ ಸಮೇತ ತಂಗಿ ಕಟ್ಟಿ ಹೊರಗಿಟ್ಟಳು.

ಆಮೇಲಿನ ಕೆಲಸ ಆಸ್ಪತ್ರೆಯದು. ಅಕ್ಕನ ಮೂತ್ರದಲ್ಲಿ ಪಾದರಸ ಸಾಕಷ್ಟು ಸಿಕ್ಕಿತು. ವೈದ್ಯೆ ಔಷಧಿ ಬರೆದು, ಮುಖಕ್ಕೆ ಹಚ್ಚುವುದನ್ನೆಲ್ಲ ತಂದು ತೋರಿಸಲು ಹೇಳಿದಾಗ, ಅಕ್ಕ ಒಂದು ಚೀಲ ತುಂಬ ಹೊತ್ತುಕೊಂಡು ಹೋದಳು. ನೀರು, ಸೋಪು ಮಾತ್ರ ಎಂದಿದ್ದವಳ ಚೀಲದಿಂದ ಹತ್ತೊಂಬತ್ತು ಬಾಟಲಿ, ಡಬ್ಬಿ, ಕಡ್ಡಿಗಳು ಹೊರಬಂದವು. ಅದರಲ್ಲಿ ಒಂದು ಕಾಡಿಗೆ ಪರೀಕ್ಷೆಗೆ ಹೋಗಿ ಸೀಸ ಇದೆಯೆಂದು ವಾಪಸು ಬಂತು. ಅಕ್ಕ ವೈದ್ಯೆಯ ಮೇಲೆಯೇ ಸಿಟ್ಟಾದಳು, ಇವರಿಗೆ ಹುಡುಕೋದೇ ಕೆಲಸ ಎಂದಳು. ಚೀಲದಮ್ಮನನ್ನೂ ಒಂಟಿಗಣ್ಣಿಯೇ ಅದೇ ಆಸ್ಪತ್ರೆಗೆ ಕರೆದೊಯ್ದಳು. ಅವಳ ಮೂತ್ರಪಿಂಡ ಅಕ್ಕನದಕ್ಕಿಂತ ಕೆಟ್ಟಿತ್ತು, ಎರಡು ವಾರ ಮಲಗಬೇಕಾಯಿತು. ಆರೋಗ್ಯ ಇಲಾಖೆಯವರು ಬಂದು ಅವಳ ಬಳಿಯಿದ್ದ ಡಬ್ಬಿಗಳನ್ನೆಲ್ಲ ಒಯ್ದರು, ಸರಕು ಕಳಿಸುತ್ತಿದ್ದವರ ವಿಳಾಸ ಹಿಡಿದು ಹೋದರು. ಅಲ್ಲಿ ಒಂದು ಸೇತುವೆ ಇತ್ತು, ಸೇತುವೆಯ ಕೆಳಗೆ ಯಾರೂ ಇರಲಿಲ್ಲ. ಚೀಲದಮ್ಮ ಗುಣವಾಗಿ ಬಂದ ಮೇಲೆ ಪಿನ್ನು, ಕ್ಲಿಪ್ಪು ಮಾತ್ರ ಮಾರತೊಡಗಿದಳು. ಒಂಟಿಗಣ್ಣಿ ಕಂಡರೆ ಒಂದು ಪಿನ್ನು ಹೆಚ್ಚಿಗೆ ಕೊಡುತ್ತಾಳೆ.

ಪ್ರಯೋಗಾಲಯದ ಕಾಗದವನ್ನು ಬಟ್ಟೆ ಅಂಗಡಿಯ ಯಜಮಾನ ಎರಡು ಸಲ ಓದಿ, ಒಂಟಿಗಣ್ಣಿಯ ಮೇಜಿನ ಮುಂದೆ ನಿಂತು, ತಾನು ದುಡುಕಿದೆನೆಂದು ಹೇಳಿದ. ಅವಳು ಐದೂ ಉಂಗುರಗಳನ್ನು ಹಿತ್ತಲಿನಲ್ಲಿ, ಬೀಸುವ ಗಾಳಿಯಲ್ಲಿ, ಜಾಗರೂಕತೆಯಿಂದ ಕಾಯಿಸಿ ಹೊಸದಾಗಿ ಮಾಡಿಕೊಟ್ಟಳು. ರಜೆಯಲ್ಲಿ ಮನೆಗೆ ಬಂದಿದ್ದ ಗಂಡ, ಎಷ್ಟು ದೂರ ನಿಲ್ಲಬೇಕೆಂದು ಕೇಳಿ ಬೀದಿಯ ಕೊನೆಗೆ ಹೋಗಿ ನಿಂತಿದ್ದ. ಗಡಿಯಾರದವನು ಏನೂ ನಡೆದೇ ಇಲ್ಲವೆಂಬಂತೆ ಮೇಜನ್ನು ಮೊದಲಿದ್ದಲ್ಲಿಗೆ ತಂದುಕೊಂಡ. ಅದನ್ನು ಕಂಡು ಒಂಟಿಗಣ್ಣಿ, ಇನ್ನೊಂದು ಗೇಣು ಒಳಗೆ ಬಂದರೂ ಪರವಾಗಿಲ್ಲ ಎಂದಳು. ಅವನು ವಾರವಿಡೀ ಗಡಿಯಾರದಿಂದ ತಲೆಯೆತ್ತಲಿಲ್ಲ.

ಕ್ರೀಮು ಬಿಟ್ಟ ಮೇಲೆ ಅಕ್ಕನ ಮುಖ ಮೊದಲಿನ ಬಣ್ಣಕ್ಕೆ ಮರಳಿ ಅಲ್ಲಿಗೇ ನಿಲ್ಲಲಿಲ್ಲ, ಅದನ್ನೂ ದಾಟಿ ಕಪ್ಪಾಯಿತು. ಗಲ್ಲ, ಹಣೆಯ ಮೇಲೆ ಭೂಪಟ ಬರೆದಂತೆ ಮಚ್ಚೆಗಳೆದ್ದವು. ಮೂರು ವಾರ ರಜೆ ಹಾಕಿ ಮನೆಯಲ್ಲಿ ಕೂತಳು. ನಾಲ್ಕನೆಯ ವಾರ ಬೇಜಾರು ಹತ್ತಿ, ಮುಖಕ್ಕೆ ಏನನ್ನೂ ಹಚ್ಚದೆ, ಕೂದಲಿಗೂ ಬಣ್ಣ ಹಾಕದೆ ಕೆಲಸಕ್ಕೆ ಹೊರಟಳು. ಗಾಜಿನ ಬಾಗಿಲಿನ ಹತ್ತಿರ ನಿಂತಿದ್ದ ಯಜಮಾನ ಅವಳು ಕೌಂಟರಿನ ಹಿಂದೆ ಹೋಗುವುದನ್ನು ಕಂಡು ಹತ್ತಿರ ಬಂದ. ನೀವು ಹೊಸದಾಗಿ ಸೇರಿದವರಾ ಎಂದು ವಿನಯದಿಂದ ಕೇಳಿದ.

"ಹೌದು, ಇವತ್ತೇ" ಎಂದಳು ಅಕ್ಕ. "ಆದ್ರೆ ಇಪ್ಪತ್ತೆಂಟು ವರ್ಷದ ಅನುಭವ ಇದೆ."

ದನಿ ಕೇಳಿ ಯಜಮಾನ ತಕ್ಷಣ ನೆಟ್ಟಗಾದ. ಅಂದು ಸಂಜೆ ಅಕ್ಕ ಇದನ್ನು ತಂಗಿಗೆ ಮೂರು ಸಲ ಹೇಳಿದಳು, ಪ್ರತಿ ಸಲವೂ ಯಜಮಾನನ ಕಣ್ಣು ಇನ್ನಷ್ಟು ದೊಡ್ಡದಾಗುತ್ತ ಹೋಯಿತು. ಕೈಯ ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈಗ ಕತ್ತರಿ ಹಿಡಿಯುವ ಕೆಲಸವನ್ನು ಅಳತೆಯವಳಿಗೆ ಬಿಟ್ಟಿದ್ದಾಳೆ. ತಾನು ಥಾನಿನ ಒಂದು ತುದಿಯನ್ನು ಗಿರಾಕಿಯ ಕೈಗೇ ಕೊಟ್ಟು, ಹಿಡಿದುಕೊಳ್ಳಿ, ಬೆಳಕಿಗೆ ಹೋಗಿ ನೋಡೋಣ ಎಂದು ಕಿಟಕಿಯವರೆಗೆ ನಡೆಸಿಕೊಂಡು ಹೋಗುತ್ತಾಳೆ. ಅಷ್ಟು ದೂರ ಬಟ್ಟೆ ಹಿಡಿದು ನಡೆದವರು ಕೊಳ್ಳದೆ ವಾಪಸು ಹೋಗುವುದು ಕಷ್ಟ.